ಬಲಕ್ಕೆ ಬಿದ್ದ ಹೂ

26-2-98, ಸಂಜೆ

ಹುಡುಗರಿಗೆ ಉಪ್ಪಿಟ್ಟು ಹಾಕಿ, ಅಂಗನವಾಡಿಯ ಕೀಲಿಯನ್ನು ಆಯಾ ಕೈಗೆ ಕೊಟ್ಟು, ಹತ್ತರ ಬಸ್ಸು ಹಿಡಿದದ್ದು. ಹಡಗಲಿಯಿಂದ ಹರಪನಹಳ್ಳಿ, ಅಲ್ಲಿಂದ ದಾವಣಗೆರೆ. ಇವರೂ ರಜೆ ಹಾಕಿದ್ದರು. ದಾರಿಯುದ್ದಕ್ಕೂ ಇಬ್ಬರೂ ಮಾತಿಲ್ಲ. ಬಸ್ಸಿನಲ್ಲಿ ಕೂತವರು ಗಂಡ ಹೆಂಡಿರ ಜಗಳ ಅಂದುಕೊಂಡಿರಬೇಕು.

ರಿಪೋರ್ಟ್ ಬಂದಿದೆ. ಎಡ ಎದೆಯ ಗಂಟಿಗೆ ಸೂಜಿ ಹಾಕಿ ತುಂಡು ತೆಗೆದು ಕಳಿಸಿದ್ದರಲ್ಲ, ಅದರದ್ದು. ಡಾಕ್ಟರಮ್ಮ ಕಾಗದ ಓದಿ, ಕನ್ನಡಕ ತೆಗೆದು ಅಂದರು — "ಕ್ಯಾನ್ಸರ್ ಅಲ್ಲಮ್ಮ. ಸಾದಾ ಗಂಟು. ಇದ್ದಲ್ಲೇ ಇರಲಿ, ಏನೂ ಮಾಡಲ್ಲ. ಆರು ತಿಂಗಳು ಬಿಟ್ಟು ಬಾ, ಇನ್ನೊಂದ್ಸಲ ನೋಡೋಣ."

ಏನೂ ಮಾಡದಿದ್ದರೆ ಮತ್ತೆ ನೋಡುವುದು ಏನನ್ನು? ಕೇಳಬೇಕೆಂದಿದ್ದೆ. ಅಷ್ಟರಲ್ಲಿ ನರ್ಸು ಮುಂದಿನ ಹೆಸರು ಕೂಗಿದಳು. ಎದ್ದು ಬಂದೆ.

ಇವರು ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಮಂಡಕ್ಕಿ ಕೊಡಿಸಿದರು. ಎರಡೆರಡು ಸಲ ಖಾರ ಹೆಚ್ಚಾಯಿತೆಂದು ಕಣ್ಣು ಒರೆಸಿಕೊಂಡರು. ಖಾರ ಇರಲೇ ಇಲ್ಲ.

ಮನೆಗೆ ಬಂದಾಗ ಅತ್ತೆ ಹೊಸ್ತಿಲ ಮೇಲೆ ಕೂತಿದ್ದಳು. ಊರೆಲ್ಲ ಅಂಜಿನಕ್ಕ ಎಂದರೆ ನಡುಗುವ ಹೆಂಗಸು, ನನ್ನ ಮುಖ ನೋಡಲು ಅಂಜಿ ಮಗನ ಮುಖ ನೋಡಿದಳು. "ಏನೂ ಇಲ್ಲಂತ ಬೇ" ಅಂದರು ಇವರು. ಅತ್ತೆ ಎದ್ದು ಒಳಗೆ ಹೋಗಿ ಒಲೆ ಹೊತ್ತಿಸಿದಳು. ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ.

2-3-98

ಇವರು ರಿಪೋರ್ಟನ್ನು ತಾಲ್ಲೂಕು ಆಫೀಸಿಗೆ ಒಯ್ದು ಶಿರಸ್ತೇದಾರ ಪಾಲಾಕ್ಷಪ್ಪನವರ ಕೈಲಿ ಓದಿಸಿಕೊಂಡು ಬಂದಿದ್ದಾರೆ. ಅಟೆಂಡರ್ ಗಂಗಾಧರನ ಹೆಂಡತಿಯ ಎದೆಯ ವಿಚಾರ ಆಫೀಸಿಗೆಲ್ಲ ತಿಳಿದಂತಾಯಿತು. ಬಹಳ ಸಂತೋಷ.

"ನೋ ಎವಿಡೆನ್ಸ್ ಅಂತ ಬರದೈತಂತ. ಅಂದ್ರ ಸಾಕ್ಷಿ ಇಲ್ಲ. ಸಾಕ್ಷಿ ಇಲ್ಲಂದ್ರ ಕೇಸು ಖುಲಾಸಿ."

"ಸಾಕ್ಷಿ ಸಿಗಲಿಲ್ಲಂತ ಬಿಟ್ಟೋರೆಲ್ಲ ಸಂಭಾವಿತರೇನ್ರಿ?" ಅಂದೆ.

ಇವರಿಗೆ ಸಿಟ್ಟು ಬಂತು. ಒಳ್ಳೆ ಸುದ್ದಿ ತಂದವನ ಬಾಯಿಗೆ ಮಣ್ಣು ಹಾಕುತ್ತೀ ಅಂದರು. ನಿಜ, ಹಾಕಿದೆ. ಒಳ್ಳೆ ಸುದ್ದಿಯೇ. ಮತ್ತೆ ಯಾಕೆ ಒಳಗೆ ಇಳಿಯುತ್ತಿಲ್ಲ ಅಂತ ನನಗೂ ತಿಳಿಯದು.

19-3-98

ತೋಟದಲ್ಲಿ ಮಲ್ಲಿಗೆ ಬಿಡಿಸಿ ಬಂದು ಬರೆಯುತ್ತಿದ್ದೇನೆ. ಈ ವರ್ಷ ಮೊಗ್ಗು ಬೇಗ ಬಂದಿವೆ. ಬೆಳಕು ಹರಿಯುವ ಮೊದಲೇ ಸಾಲಿಗೆ ಇಳಿಯಬೇಕು, ಬಿಸಿಲು ತಾಗಿದರೆ ಮೊಗ್ಗು ಬಾಡುತ್ತದೆ. ಕತ್ತಲಲ್ಲಿ ಕಣ್ಣಿಗೇನು ಕೆಲಸ, ಬೆರಳೇ ಎಲ್ಲ. ಸಂಜೆಗೆ ಅರಳುವ ಮೊಗ್ಗು ಯಾವುದು, ನಾಳೆಗೆ ಬಿಡುವ ಮೊಗ್ಗು ಯಾವುದು — ಮುಟ್ಟಿದರೆ ಗೊತ್ತು. ಅತ್ತೆ ಕಲಿಸಿದ ವಿದ್ಯೆ. ಮದುವೆಯಾದ ಹೊಸದರಲ್ಲಿ ಎಳೆ ಮೊಗ್ಗು ಕಿತ್ತು ಎಷ್ಟು ಬೈಸಿಕೊಂಡಿದ್ದೇನೆ.

ಆ ಗಂಟನ್ನು ಹುಡುಕಿದ್ದೂ ಇದೇ ಬೆರಳು. ಈಗ ಬಿಡುವುದಿಲ್ಲ. ಸ್ನಾನಕ್ಕೆ ಹೋದಾಗ, ಸೀರೆ ಸರಿಪಡಿಸುವಾಗ, ಹುಡುಗರಿಗೆ ಹಾಡು ಹೇಳಿಕೊಡುವಾಗ... ದೊಡ್ಡದಾಗಿದೆಯೇ? ಹಾಗೇ ಇದೆಯೇ? ನಿನ್ನೆ ದೊಡ್ಡದಾದಂತೆ, ಇವತ್ತು ಸಣ್ಣದಾದಂತೆ. ಮೊಗ್ಗಿನ ವಿಷಯದಲ್ಲಿ ಸುಳ್ಳು ಹೇಳದ ಬೆರಳು ಇಲ್ಲಿ ದಿನಕ್ಕೊಂದು ಹೇಳುತ್ತದೆ.

"ಎದಿ ನೋಯ್ತೈತೇನ್ರಿ ಟೀಚರ್?" ಅಂದಳು ಆಯಾ. ಕೈ ಕೆಳಗಿಳಿಸಿದೆ. ಸ್ನಾನದಲ್ಲಿ ಒಂದು ಸಲ ಮಾತ್ರ ಎಂದು ನಿಯಮ ಮಾಡಿಕೊಂಡಿದ್ದೇನೆ.

20-3-98

ನಿಯಮ ಬೆಳಿಗ್ಗೆ ಹಾಲು ಕಾಸುವ ಹೊತ್ತಿಗೇ ಮುರಿಯಿತು.

7-4-98

ಬಸಲಿಂಗಮ್ಮ ತನ್ನ ಮಗುವನ್ನು ತೂಕಕ್ಕೆ ತಂದಿದ್ದಳು. ವರ್ಷ ಮೀರಿದೆ, ಇನ್ನೂ ನಿಲ್ಲುವುದಿಲ್ಲ. "ಏನಾರ ಐತೇನ್ರಿ ಟೀಚರ್?"

ಇಷ್ಟು ವರ್ಷದಿಂದ ಈ ಪ್ರಶ್ನೆಗೆ ನನ್ನದು ಒಂದೇ ಉತ್ತರ — ಏನೂ ಇಲ್ಲ, ನಡೀತಾನ ಹೋಗು. ಇವತ್ತು ಬಾಯಿಗೆ ಬಂದದ್ದು ಬೇರೆ. "ಮುಂದಿನ ತಿಂಗಳು ಕರಕಂಡು ಬಾ, ನೋಡೋಣ" ಅಂದೆ. ಅವಳ ಮುಖ ಇಳಿದುಹೋಯಿತು. ದಾವಣಗೆರೆಯಲ್ಲಿ ನನ್ನ ಮುಖವೂ ಹೀಗೇ ಇಳಿದಿರಬೇಕು.

ಏನು ಹೇಳಬೇಕಿತ್ತು ಅವಳಿಗೆ? ಊಟ ಮಾಡುವಾಗಲೂ ಅದೇ ಯೋಚನೆ.

24-4-98

ಕೊಟ್ಟೂರಿನ ಹಾಸ್ಟೆಲಿನಿಂದ ಮಗಳು ಮಾಲಾ ರಜೆಗೆ ಬಂದಿದ್ದಾಳೆ. ಬಂದವಳೇ ಮೊದಲ ಮಾತು — "ಯವ್ವಾ, ಇಷ್ಟು ಹೂವ ಐತಿ, ನಿನ್ನ ತುರುಬಿಗೆ ಒಂದೂ ಇಲ್ಲಲ್ಲ?" ಸೂಜಿ ಹಾಕಿದ ಹೊಸದರಲ್ಲಿ ಎಡಗೈ ಎತ್ತಲು ನೋವಿತ್ತು, ಮುಡಿಯುವುದು ಬಿಟ್ಟಿದ್ದೆ. ನೋವು ಹೋಗಿ ಎಷ್ಟೋ ದಿನವಾಯಿತು. ಬಿಟ್ಟದ್ದು ಬಿಟ್ಟೇ ಹೋಯಿತು.

ಅವಳಿಗೆ ಏನೂ ಹೇಳಿಲ್ಲ. ಸಂಜೆ ಬಾವಿ ಹಿಂದಿನ ಖಾಲಿ ಅರ್ಧ ಎಕರೆ ನೋಡಿ, "ಈ ಮಳಿಗೆ ಇಲ್ಲೂ ಮಲ್ಲಿಗಿ ಹಚ್ತೀರಂತ? ಅಜ್ಜಿ ಹೇಳಿದ್ಲು. ನಂದು ಡಿಗ್ರಿ ಮುಗಿಯೋದ್ರೊಳಗ ಬುಟ್ಟಿ ಬುಟ್ಟಿ ಹೂವ" ಅಂದಳು.

ಹೂಂ ಅಂದೆ. ಅಡುಗೆಯ ನೆಪ ಹೇಳಿ ಮನೆ ಕಡೆ ಹೊರಟೆ.

9-6-98

ಮಳೆ ಬಂತು. ಹದವಾದ ಮಳೆ. ಬಾವಿ ಪಕ್ಕದ ಮರಳಿನ ಪಾತಿಯಲ್ಲಿ ಬೇರು ಬಿಡಲು ಇಟ್ಟ ಕಡ್ಡಿಗಳು ಚಿಗುರಿ ನಿಂತಿವೆ. ಹಳೇ ತೋಟದ ಒಳ್ಳೊಳ್ಳೆ ಗಿಡ ನೋಡಿ ನಾನೇ ಆರಿಸಿ ಕತ್ತರಿಸಿದ ಕಡ್ಡಿ, ಗಂಟಿನ ಸುದ್ದಿ ಹುಟ್ಟುವ ಮೊದಲು. ಈ ಮಳೆಗೆ ಹಚ್ಚಬೇಕು. ತಪ್ಪಿದರೆ ಪಾತಿಯಲ್ಲೇ ಬೇರು ಹೆಣೆದುಕೊಂಡು ಕೆಡುತ್ತವೆ.

ಬರೆದೇ ಬಿಡುತ್ತೇನೆ, ಓದುವವರು ಯಾರೂ ಇಲ್ಲ. ಮಲ್ಲಿಗೆ ಹಚ್ಚಿದ ಮೊದಲ ವರ್ಷ ಬರೀ ಎಲೆ. ಎರಡನೇ ವರ್ಷ ದೇವರಿಗಾಗುವಷ್ಟು. ಮೂರನೇ ವರ್ಷಕ್ಕೆ ಬುಟ್ಟಿ. ನಾನು ಮೂರನೇ ವರ್ಷಕ್ಕೆ ಇರುತ್ತೇನೋ ಇಲ್ಲವೋ ಎಂದು ಗೊತ್ತಿಲ್ಲದೆ ಗುಂಡಿ ತೋಡಲು ಕೈ ಬರುತ್ತಿಲ್ಲ. ಇಷ್ಟೇ ವಿಷಯ. ಆಗಸ್ಟಿನಲ್ಲಿ ಡಾಕ್ಟರಮ್ಮ ಇನ್ನೊಂದು ಸಲ ನೋಡಲಿ, ಆಮೇಲೆ... ಆಮೇಲೆ ಮಳೆ ಇರುವುದಿಲ್ಲ.

ಇವರಿಗೆ, "ಗೊಬ್ಬರ ಇನ್ನೂ ಮಾಗಿಲ್ಲ" ಅಂದೆ.

21-6-98, ಭಾನುವಾರ

ಗೊಬ್ಬರ ಆಯಿತು, ಪಂಪು ರಿಪೇರಿ ಆಯಿತು, ಆಯಾ ರಜೆ ಆಯಿತು. ನೆಪ ಮುಗಿದವು. ಪಕ್ಕದ ತೋಟದ ಮಾರೆಮ್ಮ ಬೇಲಿ ಮೇಲಿಂದ ಕೇಳಿದಳು — "ಗೀತಕ್ಕ, ನೀ ಹಚ್ಚಂಗಿಲ್ಲಂದ್ರ ಕಡ್ಡಿ ನನಗರ ಕೊಡು. ಸುಮ್ನ ಕೆಡಸಬ್ಯಾಡ."

ಒಂದು ಕಟ್ಟು ಕಿತ್ತು ಕೊಟ್ಟುಬಿಟ್ಟೆ. ಉಳಿದದ್ದು ನಾಳೆ ಒಯ್ಯಿ ಅಂದೆ. ಕೊಟ್ಟ ಮೇಲೆ ಹಗುರಾಗುತ್ತದೆ ಅಂದುಕೊಂಡಿದ್ದೆ.

ಇವರು ಕಂಡರು. "ಡಾಕ್ಟ್ರು ಏನೂ ಇಲ್ಲಂದ್ರು. ಶಿರಸ್ತೇದಾರ್ರು ಏನೂ ಇಲ್ಲಂದ್ರು. ನಿನಗ ಇನ್ನೇನ್ ಬೇಕಲೇ? ಯಾರ್ ಬಂದ್ ಹೇಳ್ಬೇಕು?"

"ಅವರಿಗೆ ಗೊತ್ತಿದ್ರ ಆರು ತಿಂಗಳಿಗೆ ಬಾ ಅಂತ ಯಾಕ ಅಂತಿದ್ರು?"

"ಅದು ಅವರ ಪದ್ಧತಿ."

"ಹಂಗಾರ ನಂದೂ ಪದ್ಧತಿ."

ಇವರು ಸೈಕಲ್ ಹತ್ತಿ ಹೋದರು. ಅತ್ತೆ ಜಗುಲಿಯ ಮೇಲೆ ಬಾಳೆನಾರು ಸೀಳುತ್ತ ಎಲ್ಲ ಕೇಳಿಸಿಕೊಂಡಳು. ಆಮೇಲೆ ಕೋಲೂರಿಕೊಂಡು ಮಾರೆಮ್ಮನ ತೋಟಕ್ಕೆ ಹೋಗಿ, ಉಳಿದ ಕಡ್ಡಿ ಮುಟ್ಟಿದರೆ ಕೈ ಮುರಿಯುತ್ತೇನೆ ಎಂದು ಹೇಳಿ ಬಂದಳಂತೆ.

24-6-98

ಮಣ್ಣೆತ್ತಿನ ಅಮಾವಾಸ್ಯೆ. ಎತ್ತಿಗೆ ಪೂಜೆ ಮಾಡಿ, ಕಡುಬು ತಿಂದು ಕೂತಾಗ ಅತ್ತೆ ಅಂದಳು, "ಗೀತಾ, ಶುಕ್ರವಾರ ಊರಮ್ಮನ ಗುಡಿಗೆ ಹೋಗೋಣು. ಹೂವ ಕೇಳೋಣು. ಬಲಕ್ಕ ಕೊಟ್ರ ಹಚ್ಚು. ಎಡಕ್ಕ ಕೊಟ್ರ ಎಲ್ಲಾ ಕಡ್ಡಿ ಮಾರೆಮ್ಮಗ ನಾನ ಹೊತ್ಕೊಂಡು ಕೊಟ್ಟು ಬರ್ತೀನಿ."

ಹೂ ಕೇಳುವುದು ನಮ್ಮೂರಲ್ಲಿ ಹೊಸದಲ್ಲ. ಪೂಜಾರಿ ಹೂವನ್ನು ಒದ್ದೆ ಮಾಡಿ ಅಮ್ಮನ ಕಲ್ಲಿಗೆ ಎರಡೂ ಕಡೆ ಅಂಟಿಸುತ್ತಾನೆ. ಮನಸ್ಸಿನಲ್ಲಿ ಕೇಳಿಕೊಂಡು ನಿಲ್ಲಬೇಕು. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಮಾಲಾ ಹುಟ್ಟುವಾಗ ಅತ್ತೆ ಕೇಳಿದ್ದಳು, ಬಾವಿ ತೋಡುವಾಗ ಕೇಳಿದ್ದಳು. ನಾನು ಒಮ್ಮೆಯೂ ಕೇಳಿದವಳಲ್ಲ. ಇಲಾಖೆಯ ತರಬೇತಿ ಪಡೆದವಳು, ಊರಿಗೆಲ್ಲ ಬುದ್ಧಿ ಹೇಳುವವಳು.

ಹೂಂ ಅಂದೆ. ಅಂದಮೇಲೆ ಅಂಜಿಕೆ ಶುರುವಾಯಿತು. ಎಡಕ್ಕೆ ಬಿದ್ದರೆ?

26-6-98, ಮಧ್ಯಾಹ್ನ

ಬಲಕ್ಕೆ ಬಿತ್ತು.

 ಗುಡಿಯಲ್ಲಿ ನಾವಿಬ್ಬರು, ಪೂಜಾರಿ ಹುಲುಗಣ್ಣ, ಅಷ್ಟೇ. ಅತ್ತೆ ತಾನೇ ಹೂವಿನ ಬುಟ್ಟಿ ಹಿಡಿದಿದ್ದಳು, ನನಗೆ ಮುಟ್ಟಗೊಡಲಿಲ್ಲ. ಕಣ್ಣು ಮುಚ್ಚಿದೆ. ಏನು ಕೇಳಬೇಕೆಂದು ದಾರಿಯಲ್ಲೆಲ್ಲ ಹೊಂದಿಸಿಕೊಂಡಿದ್ದೆ, ಎಲ್ಲ ಮರೆತುಹೋಯಿತು. ಇರ್ತೀನೇನು, ಇಷ್ಟೇ ಕೇಳಿದೆ. "ಕೊಟ್ಲು ನೋಡವಾ, ಬಲಕ್ಕ" ಅಂದ ಹುಲುಗಣ್ಣ. ಕಣ್ಣು ಬಿಟ್ಟಾಗ ಹೂ ಅಮ್ಮನ ಪಾದದ ಹತ್ತಿರ ಬಿದ್ದಿತ್ತು. ಅತ್ತೆ ಸೆರಗೊಡ್ಡಿ ಎತ್ತಿಕೊಂಡು ಗಂಟು ಹಾಕಿಕೊಂಡಳು.

 ಇವರು ಸುದ್ದಿ ಕೇಳಿ ಸೈಕಲ್ ಸ್ಟ್ಯಾಂಡ್ ಹಾಕುವುದನ್ನೂ ಮರೆತು ಕೆಡವಿದರು.

29-6-98

ಮೂರೂ ರಾತ್ರಿ ಸತ್ತ ಹಾಗೆ ನಿದ್ದೆ. ಕೈ ಎದೆಯ ಕಡೆ ಹೋಗಿಲ್ಲ, ಹೋದರೂ ನಾಚಿ ವಾಪಸು ಬಂದಿದೆ. ಗುಂಡಿ ತೋಡಿಸಿದ್ದೇವೆ. ಗೊಬ್ಬರ ತುಂಬಿ ಒಂದು ವಾರ ಕಾವು ಆರಲು ಬಿಟ್ಟು, ಭಾನುವಾರ ಹಚ್ಚುವುದು. ಇವರು ಆಫೀಸಿನಿಂದ ಹಗ್ಗ ತಂದು ಸಾಲು ಹಿಡಿದು ನೋಡುತ್ತಾರೆ, ಹುಡುಗರ ಹಾಗೆ.

ನಗು ಬರುತ್ತದೆ. ಡಾಕ್ಟರು ಹೇಳಿದ್ದನ್ನು ನಂಬಲಿಲ್ಲ, ಒಂದು ಹೂ ಹೇಳಿದ್ದನ್ನು ನಂಬಿದೆ. ಇರಲಿ. ನಿದ್ದೆ ಬಂತಲ್ಲ.

4-7-98, ಬೆಳಿಗ್ಗೆ

ಹುಲುಗಣ್ಣ ಮೊಮ್ಮಗಳನ್ನು ಅಂಗನವಾಡಿಗೆ ಬಿಡಲು ಬಂದಿದ್ದ. ಹೋಗುವಾಗ ಸುಮ್ಮನೆ ಅಂದ, "ಟೀಚರವ್ವ, ನಿಮ್ಮ ತೋಟದಾಗ ಮೊಗ್ಗಿಗೆ ಬರ ಬಂದೈತೇನು? ಅವತ್ತು ಅಂಜಿನಕ್ಕ ಅರಳಿದ ಹೂವ ತಂದಿದ್ಲಲ್ಲ, ಬಾಡಿದ್ದು. ಅಮ್ಮಗ ಯಾವತ್ತೂ ಮೊಗ್ಗ ತರಾಕಿ."

"ಅರಳಿದ್ದು ಎಷ್ಟು ಇದ್ವು?"

"ಒಂದ್ ಹಿಡಿ. ನೀವು ಕಾಲು ತೊಳಿಯಾಕ ಹೋದಾಗ, ಇವು ಬಲಕ್ಕ ಹಚ್ಚು ಅಂತ ಬ್ಯಾರೆ ಕೊಟ್ಲು. ಎಡಕ್ಕ ಮೊಗ್ಗನ ಇದ್ವು."

ಹುಡುಗರ ಗಲಾಟೆ ಕೇಳಿಸದಾಯಿತು. ಗುಡಿಗೆ ಹೋಗುವ ಮುನ್ನಾದಿನ, ಗುರುವಾರ ಸಂಜೆ, ಅಡುಗೆಮನೆಯ ಮೂಲೆಯಲ್ಲಿ ಬಟ್ಟಲೊಂದರಲ್ಲಿ ಅರಳಿದ ಹೂ ಕಂಡಿದ್ದೆ. ಮಾರಲು ಬಾರದ ಹೂ, ಅತ್ತೆ ಯಾಕೆ ಎತ್ತಿಟ್ಟಳೋ ಅಂದುಕೊಂಡು ಮರೆತಿದ್ದೆ. ಹಸಿ ಮೊಗ್ಗನ್ನು ನೀರು ಮುಟ್ಟಿಸಿ ಕಲ್ಲಿಗೆ ಒತ್ತಿದರೆ ಕಚ್ಚಿಕೊಂಡು ಕೂರುತ್ತದೆ, ಸಂಜೆಯಾದರೂ ಬೀಳುವುದಿಲ್ಲ. ಅರಳಿ ಬಾಡಿದ ಹೂವಿಗೆ ಹಿಡಿತ ಎಲ್ಲಿಯದು. ನೀರು ಆರಿದ ಕೂಡಲೇ ಉದುರುತ್ತದೆ. ಇದು ಹುಲುಗಣ್ಣನಿಗೆ ಹೊಳೆಯದಿರಬಹುದು. ಹೂವಿನಲ್ಲೇ ಮುದುಕಿಯಾದವಳಿಗೆ ಗೊತ್ತಿಲ್ಲವೇ?

ಅಂದರೆ ಅಮ್ಮ ಏನೂ ಹೇಳಲಿಲ್ಲ. ಅತ್ತೆ ಹೇಳಿಸಿದಳು.

ಅದೇ ದಿನ, ಸಂಜೆ

ಮೈಯೆಲ್ಲ ಉರಿಯುತ್ತಿತ್ತು. ಅಂಗನವಾಡಿ ಬಾಗಿಲು ಹಾಕಿ ನೇರ ತೋಟಕ್ಕೆ ಹೋದೆ. ಅತ್ತೆ ಪಾತಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕಡ್ಡಿಗಳಿಗೆ ನೀರು ಚಿಮುಕಿಸುತ್ತಿದ್ದಳು.

"ಅತ್ತಿ, ಬಲಕ್ಕ ಅರಳಿದ ಹೂವ ನೀವ ಕೊಟ್ರೇನು?"

ತಿರುಗಿ ನೋಡಲಿಲ್ಲ. ಚಿಮುಕಿಸುವುದು ನಿಲ್ಲಿಸಲೂ ಇಲ್ಲ. "ಹೂಂ" ಅಂದಳು.

"ದೇವರ ಮುಂದ ಮೋಸ ಮಾಡೀರಿ."

"ಮಾಡೀನಿ. ಅಕಿ ಏನ್ ಮಾಡ್ತಾಳ, ನನಗ ಮಾಡಲಿ."

"ನನಗೂ ಮೋಸ ಮಾಡೀರಿ. ಎಂಟು ದಿನ ಹುಚ್ಚಿಯಂಗ ನಂಬಿದ್ನಲ್ಲ."

ಆಗ ತಂಬಿಗೆ ಕೆಳಗಿಟ್ಟಳು. "ಎಡಕ್ಕ ಬಿದ್ದಿದ್ರ ಏನ್ ಮಾಡ್ಲಿ ಹೇಳು. ನೀನು ಕಡ್ಡಿ ಕೊಟ್ಟು, ಮೂಲ್ಯಾಗ ಕುಂತು, ಆಗಸ್ಟ್ ತನಕ ದಿನಾ ಸಾಯ್ತಿದ್ದಿ. ನಾನು ಅದನ್ನ ನೋಡ್ಕೆಂತ ಕುಂದರಬೇಕಿತ್ತು. ನನಗ ಅಂಜಿಕಿ ಆತವ್ವ. ಅದಕ್ಕ ಖರೇನ ಕೇಳಾಕ ಧೈರ್ಯ ಬರಲಿಲ್ಲ."

ಧೈರ್ಯ ಬರಲಿಲ್ಲ — ಅಂಜಿನಕ್ಕನ ಬಾಯಿಂದ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಕೇಳಿದೆ. ನನ್ನ ಸಿಟ್ಟಿಗೆ ನಿಲ್ಲಲು ಜಾಗವೇ ಸಿಗಲಿಲ್ಲ. ನಾನೂ ಪಾತಿಯ ಪಕ್ಕ ಕೂತೆ.

"ಹಂಗಾರ ನಿಮಗ ಏನನಸ್ತೈತಿ ಅತ್ತಿ? ಖರೇ ಹೇಳ್ರಿ. ನನಗೇನಾರ ಐತೋ ಇಲ್ಲೋ?"

ಕಡ್ಡಿಯೊಂದರ ಒಣಗಿದ ಎಲೆ ಕಿತ್ತು ಒಗೆದಳು. "ಗೊತ್ತಿಲ್ಲವ್ವ. ನನಗೆಂಗ ಗೊತ್ತಾಕ್ಕೈತಿ. ಡಾಕ್ಟ್ರಿಗೆ ಎಷ್ಟ್ ಗೊತ್ತೈತೋ ಅಷ್ಟ್ ಹೇಳ್ಯಾರ. ಅದರ ಮುಂದಿಂದು ನನಗ ಗೊತ್ತಿಲ್ಲ, ಗಂಗಾಧರಗ ಗೊತ್ತಿಲ್ಲ. ಅಷ್ಟರ ಮಟ್ಟಿಗೆ ನೀ ಒಬ್ಬಾಕೇ ಇಲ್ಲ ನೋಡು."

ಅತ್ತುಬಿಟ್ಟೆ. ಫೆಬ್ರವರಿಯಿಂದ ಎಲ್ಲರೂ ಏನೂ ಇಲ್ಲ, ಏನೂ ಇಲ್ಲ ಎಂದೇ ಹೇಳುತ್ತಿದ್ದರು. ಗೊತ್ತಿಲ್ಲ ಎಂದವಳು ಇವಳೊಬ್ಬಳೇ. ಅತ್ತೆ ಒದ್ದೆ ಕೈಯಲ್ಲೇ ಬೆನ್ನು ತಟ್ಟಿದಳು, ರವಿಕೆ ಎಲ್ಲ ಮಣ್ಣಾಯಿತು. ಬಸಲಿಂಗಮ್ಮನಿಗೂ ಹೀಗೇ ಹೇಳಿ ಪಕ್ಕದಲ್ಲಿ ಕೂರಬಹುದಿತ್ತು.

ಮತ್ತೆ ಅತ್ತೆಯೇ ಅಂದಳು, "ನಾಳೆ ಏನ್ ಮಾಡ್ತಿ? ಹಚ್ತೀಯೋ, ಮಾರೆಮ್ಮಗ ಒಯ್ದು ಕೊಡ್ಲೋ?"

5-7-98, ಭಾನುವಾರ

ಹಚ್ಚಿದೆವು.

ಬೆಳಿಗ್ಗೆಯಿಂದ ಮೋಡ, ಬಿಸಿಲು ಕಾಡಲಿಲ್ಲ. ಇವರು ಹಗ್ಗ ಹಿಡಿದರು, ನಾನು ಕಡ್ಡಿ ಇಟ್ಟು ಮಣ್ಣು ಒತ್ತಿದೆ, ಅತ್ತೆ ಹಿಂದಿನಿಂದ ನೀರು. ಹೂವಿನ ವಿಷಯ ಇವರಿಗೆ ಹೇಳಲಿಲ್ಲ. ಪಾಪ, ಇವರಿಗೊಂದು ಬಲಕ್ಕೆ ಬಿದ್ದ ಹೂ ಇರಲಿ. ಮಾರೆಮ್ಮ ಬೇಲಿ ಹತ್ತಿರ ನಿಂತು ಸಾಲು ಸೊಟ್ಟಗಾಯಿತು ಅಂದಳು. ಅತ್ತೆ ಬೈದು ಕಳಿಸಿದಳು.

ಮೊದಲ ಗುಂಡಿಗೆ ಕೈ ಹಾಕಿದಾಗ ಗೊತ್ತಿಲ್ಲ ಅಂದುಕೊಂಡೆ. ಕಡೇ ಗುಂಡಿಯ ಹೊತ್ತಿಗೆ ಸೊಂಟ ಬಿದ್ದು ಹೋಗಿತ್ತು, ಏನೂ ಅಂದುಕೊಳ್ಳಲಿಲ್ಲ.

2-8-98

ಬರೆಯದೆ ತಿಂಗಳಾಗುತ್ತ ಬಂತು. ಕಡ್ಡಿ ಹಿಡಿದಿವೆ. ಮೂಲೆಯ ನಾಲ್ಕು ಒಣಗಿವೆ, ಅಲ್ಲಿ ನೀರು ನಿಲ್ಲುತ್ತದೆ.

ಕೈ ಈಗಲೂ ಎದೆಗೆ ಹೋಗುತ್ತದೆ. ದಿನಕ್ಕೊಮ್ಮೆ, ಎರಡು ಸಲ. ಇದೆ. ಇದ್ದಲ್ಲೇ ಇದೆ. ಕೈ ತೆಗೆದು ಬೇರೆ ಕೆಲಸ ನೋಡುತ್ತೇನೆ. ಬಸಲಿಂಗಮ್ಮನ ಮನೆಗೆ ಹೋಗಿದ್ದೆ. ನನಗೆ ಗೊತ್ತಾಗುತ್ತಿಲ್ಲ, ದೊಡ್ಡಾಸ್ಪತ್ರೆಗೆ ಒಟ್ಟಿಗೆ ಹೋಗೋಣ ಅಂದೆ. ಚಹಾ ಮಾಡಿಕೊಟ್ಟಳು.

28-8-98, ದಾವಣಗೆರೆ, ಆಸ್ಪತ್ರೆ

ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಡಾಕ್ಟರಮ್ಮ ಆಪರೇಶನ್ನಿನಲ್ಲಿದ್ದಾರಂತೆ, ತಡ. ಅತ್ತೆ ಹಟ ಹಿಡಿದು ಬಂದಿದ್ದಾಳೆ, ಇವರನ್ನು ಆಫೀಸಿಗೆ ಅಟ್ಟಿ. ಬಸ್ಸಿನಲ್ಲಿ ವಾಂತಿ ಮಾಡಿಕೊಂಡಳು, ಈಗ ನರ್ಸಿನ ಜೊತೆ ಫ್ಯಾನಿಗಾಗಿ ಜಗಳ.

ಅಂಜಿಕೆ ಇದೆ. ಬೆಳಿಗ್ಗೆ ರೊಟ್ಟಿ ಇಳಿಯಲಿಲ್ಲ. ಬೆರಳಿಗೆ ಇವತ್ತು ದೊಡ್ಡದಾದಂತೆ ಅನಿಸಿತು, ಸುಳ್ಳೋ ನಿಜವೋ ಒಳಗೆ ಹೋದ ಮೇಲೆ ತಿಳಿಯುತ್ತದೆ. ಅದೂ ಎಷ್ಟು ತಿಳಿಯುತ್ತದೋ ಅಷ್ಟೇ.

ಅತ್ತೆ ವಾಪಸು ಬಂದು ಸೆರಗಿನ ಗಂಟು ಬಿಚ್ಚಿದಳು. ಒಂದು ಮೊಗ್ಗು. "ಹೊಸಾ ಸಾಲಿಂದು. ಯಾವುದೋ ಒಂದು ಕಡ್ಡಿ ಹುಚ್ಚು ಹಿಡಿದು ಈಗ ಬಿಟ್ಟೈತಿ. ಮೊದಲಿಂದು ಚಿವುಟಬೇಕಲ್ಲ, ಗಿಡಾ ಬಲೀಲಿ ಅಂತ ಚಿವುಟಿದೆ. ಒಗಿಯಾಕ ಮನಸಾಗಲಿಲ್ಲ."

"ಮತ್ತ ಹೂವ ಕೇಳ್ತೀರೇನ್ರಿ ಇಲ್ಲಿ, ಆಸ್ಪತ್ರಿ ಗ್ವಾಡಿಗೆ ಹಚ್ಚಿ?" ಅಂದೆ.

"ಬಾಯಿ ಮುಚ್ಚಿಕೊಂಡು ಮುಡ್ಕಾ."

ಎಡಗೈ ಎತ್ತಿ ತುರುಬಿಗೆ ಸಿಕ್ಕಿಸಿಕೊಂಡೆ. ನೋವೇನೂ ಆಗಲಿಲ್ಲ.

ಡಾಕ್ಟರಮ್ಮ ಬಂದರು. ನನ್ನ ಮುಂದೆ ಇನ್ನೊಬ್ಬರೇ. ಊರಿಗೆ ಹೋದ ಮೇಲೆ ಮರೆಯುತ್ತೇನೆ, ಈಗಲೇ ಬರೆದಿಡುವುದು ಒಳ್ಳೆಯದು. ಮೂಲೆಯ ನಾಲ್ಕು ಗುಂಡಿ ಖಾಲಿ ಬಿಡಬಾರದು, ಮಣ್ಣು ಏರಿಸಿ ಈ ಮಳೆಯಲ್ಲೇ ಬೇರೆ ಕಡ್ಡಿ ಹಚ್ಚಬೇಕು. ಮಾರೆಮ್ಮನಿಗೆ ಕೊಟ್ಟ ಕಟ್ಟಿನಲ್ಲಿ ಉಳಿದಿದ್ದರೆ ನಾಳೆ ಬೆಳಿಗ್ಗೆಯೇ ಹೋಗಿ ಕೇಳಿ... ನನ್ನ ಹೆಸರು ಕೂಗಿದರು. ಅತ್ತೆ ಆಗಲೇ ಎದ್ದು ನಿಂತಿದ್ದಾಳೆ. ಕೊಡದಿದ್ದರೆ